ಅಲಾರಂ ಯಾರ ಫೋನಿನಲ್ಲಿ?

ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೂವರೂ ಒಟ್ಟಿಗೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. ಅಕ್ಕನಿಗೆ 52, ತಮ್ಮಂದಿರಿಗೆ 49 ಮತ್ತು 44. ತಂದೆಗೆ 81. ಮೂರು ವರ್ಷದಿಂದ ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಹೋದ ವರ್ಷ ಬಿದ್ದು ಸೊಂಟದ ಮೂಳೆಯೂ ಮುರಿದಿತ್ತು. ಅವರಿರುವುದು ಅಕ್ಕನ ಮನೆಯಲ್ಲಿ. ತಮ್ಮಂದಿರು ದೂರದ ಊರುಗಳಲ್ಲಿ.

ದೊಡ್ಡ ತಮ್ಮ ಕೂರುತ್ತಿದ್ದ ಹಾಗೇ ಶುರು ಮಾಡಿದರು. "ದುಡ್ಡು ತಪ್ಪದೆ ಕಳಿಸ್ತೀವಿ. ದಿನಾ ವಿಡಿಯೊ ಕಾಲ್ ಮಾಡ್ತೀವಿ. ಅಪ್ಪ ಚೆನ್ನಾಗೇ ಮಾತಾಡ್ತಾರೆ. ಅಕ್ಕನೇ ಜಾಸ್ತಿ ಟೆನ್ಷನ್ ಮಾಡ್ಕೊತಾಳೆ."

ಅಕ್ಕ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವರ ಫೋನಿನ ಅಲಾರಂ ಹೊಡೆಯಿತು. ಎದ್ದು ಬಾಗಿಲ ಹತ್ತಿರ ಹೋಗಿ ಮನೆಗೆ ಫೋನ್ ಮಾಡಿದರು. "ಎಡಗಣ್ಣಿಗೆ ಹನಿ ಹಾಕಿದ್ರಾ? ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿ. ನೀಲಿ ಮುಚ್ಚಳದ್ದು." ಬಂದು ಕೂತಾಗ ಏನು ಹೇಳಲು ಹೊರಟಿದ್ದೆ ಅನ್ನೋದೇ ಅವರಿಗೆ ಮರೆತುಹೋಗಿತ್ತು. ಒಂದು ಗಂಟೆಯಲ್ಲಿ ಹೀಗೆ ಮೂರು ಸಲ ಎದ್ದರು. ಮೂರನೇ ಸಲ ತಮ್ಮಂದಿರಿಬ್ಬರೂ ಬಾಗಿಲ ಕಡೆಯೇ ನೋಡುತ್ತಿದ್ದರು.

ವಿಡಿಯೊ ಕಾಲ್ ಎಷ್ಟು ಹೊತ್ತಿಗೆ ಅಂತ ಕೇಳಿದೆ. ಬೆಳಗ್ಗೆ ಹತ್ತಕ್ಕಂತೆ. ಅಲ್ಲೇ ಗಂಟು ಇತ್ತು. ಡಿಮೆನ್ಷಿಯಾ ಇರುವ ಎಷ್ಟೋ ಜನರಿಗೆ ಹೊತ್ತು ಇಳಿಯುತ್ತಿದ್ದ ಹಾಗೆ ಚಡಪಡಿಕೆ, ಗೊಂದಲ ಹೆಚ್ಚುತ್ತದೆ. ಸ್ವಂತ ಮಗಳ ಮನೆಯಲ್ಲೇ ಕೂತು "ನನ್ನನ್ನು ಮನೆಗೆ ಕಳಿಸು" ಅಂತ ಹಟ ಹಿಡಿಯುತ್ತಾರೆ. ಸಣ್ಣ ಫೋನ್ ಮಾತುಕತೆಗೆ ಮಾತ್ರ ಹೇಗೋ ಸಾವರಿಸಿಕೊಂಡು ಚೆನ್ನಾಗಿ ಮಾತಾಡಿಬಿಡುತ್ತಾರೆ. ತಮ್ಮಂದಿರಿಗೆ ಸಿಗುತ್ತಿದ್ದದ್ದು ಬೆಳಗಿನ ಅಪ್ಪ, ಅಕ್ಕನ ಪಾಲಿಗೆ ರಾತ್ರಿಯ ಅಪ್ಪ. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಚಿಕ್ಕ ತಮ್ಮ ಮೆತ್ತಗೆ ಹೇಳಿದರು: "ಏನು ಮಾಡಬೇಕು ಹೇಳಕ್ಕಾ, ಮಾಡ್ತೀನಿ." ಪ್ರೀತಿಯಿಂದ ಹೇಳಿದ ಮಾತೇ. ಆದರೆ ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಏನು ಬೇಕು ಅಂತ ಯೋಚಿಸುವುದು, ಹೇಳುವುದು, ನೆನಪಿಸುವುದು, ಆಯಿತಾ ಅಂತ ನೋಡುವುದು, ಎಲ್ಲ ಮತ್ತೆ ಅಕ್ಕನ ತಲೆಗೇ ಬಂತಲ್ವಾ?

ಎರಡು ಹಳೆಯ ಪಟ್ಟಿಗಳನ್ನು ಅವರ ಮುಂದಿಟ್ಟೆ. ಒಂದು, ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟದ್ದು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಎದ್ದು ಕೂತು ಮಾಡುವುದು, ಮಲಮೂತ್ರದ ಹಿಡಿತ, ಊಟ. ಇನ್ನೊಂದು, ಅಲ್ಲಿನವರೇ ಆದ ಸಂಶೋಧಕರು ಲಾಟನ್ ಮತ್ತು ಬ್ರೋಡಿ 1969ರಲ್ಲಿ ಮಾಡಿದ್ದು: ಫೋನ್, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು. ಹಿರಿಯರು ಯಾವ ಕೆಲಸ ತಾವೇ ಮಾಡಿಕೊಳ್ಳಬಲ್ಲರು ಅಂತ ಅಳೆಯಲು ಮಾಡಿದ ಪಟ್ಟಿಗಳಿವು. ನಾನು ಅವನ್ನು ಬೇರೆ ಥರ ಬಳಸುತ್ತೇನೆ. ಅಪ್ಪನಿಗೆ ಆಗದ ಕೆಲಸದ ಮುಂದೆ ಈಗ ಅದನ್ನು ಮಾಡುವವರ ಹೆಸರು ಬರೆಯಿರಿ ಅಂದೆ. ಪೆನ್ನು ದೊಡ್ಡ ತಮ್ಮನ ಕೈಯಲ್ಲಿತ್ತು. ಒಂದರ ಕೆಳಗೊಂದು ಅಕ್ಕ, ಅಕ್ಕ, ಅಕ್ಕ ಅಂತ ಬರೆದು, ಏಳನೆಯದಕ್ಕೆ ನಿಲ್ಲಿಸಿದರು.

ಮೊದಲ ಪಟ್ಟಿಗೆ ಹತ್ತಿರದಲ್ಲಿ ಕೈಗಳೇ ಬೇಕು. ಎರಡನೆಯದರಲ್ಲಿ ದೂರದಿಂದಲೂ ಆಗುವಂಥದ್ದು ಸುಮಾರಿದೆ. ಔಷಧಿ ತರಿಸುವುದು, ವೈದ್ಯರ ಭೇಟಿ, ಅಲಾರಂ ಎಲ್ಲ ಚಿಕ್ಕ ತಮ್ಮನಿಗೆ ಹೋಯಿತು. ಹಣದ ಲೆಕ್ಕ, ರಾತ್ರಿ ನೋಡಿಕೊಳ್ಳುವವರನ್ನು ಹುಡುಕಿ ಸಂಬಳ ಕೊಡುವುದು ದೊಡ್ಡ ತಮ್ಮನಿಗೆ. ಒಂದು ಕೆಲಸ ತಗೊಂಡರೆ ಪೂರ್ತಿ ತಗೊಳ್ಳಿ, ಅಕ್ಕ ನೆನಪಿಸುವ ಹಾಗಾಗಬಾರದು ಅಂದೆ. ಅಪ್ಪನಿಗಾಗಿ ಅಕ್ಕ ಅರ್ಧ ದಿನದ ಕೆಲಸಕ್ಕೆ ಇಳಿದಿದ್ದರು. ಆ ಕಳೆದುಹೋದ ಸಂಬಳವನ್ನೂ ಅವರ ಪಾಲಿನ ಖರ್ಚು ಅಂತಲೇ ಲೆಕ್ಕಕ್ಕೆ ಸೇರಿಸಿ ಅಂತ ಒತ್ತಿ ಹೇಳಿದೆ.

ಅಕ್ಕನಿಗೂ ಒಂದು ಮಾತು ಹೇಳಬೇಕಾಯಿತು. ನಿಮ್ಮ ತಮ್ಮ ಮಡಚಿದ ಬಟ್ಟೆಯನ್ನು ನೀವು ಬಿಚ್ಚಿ ಮತ್ತೆ ಮಡಚಿದರೆ ಅವನು ಮುಂದಿನ ಸಲ ಕೈ ಹಾಕುವುದಿಲ್ಲ. ಅಪ್ಪನಿಗೆ ತೊಂದರೆ ಆಗದಿದ್ದರೆ ಅವನ ರೀತಿಯಲ್ಲೇ ನಡೆಯಲಿ, ಬಿಡಿ. ಸಂಜೆಯ ಹೊತ್ತಿಗೆ ದೀಪ ಬೇಗ ಹಾಕಿ, ವಾದ ಮಾಡಬೇಡಿ. ಗೊಂದಲ ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ ಮೂತ್ರದ ಸೋಂಕು ಇರಬಹುದು, ಕೂಡಲೇ ವೈದ್ಯರಿಗೆ ತೋರಿಸಿ.

ಕೊನೆಗೆ ದೊಡ್ಡ ತಮ್ಮನನ್ನು ಕೇಳಿಕೊಂಡೆ: ಹತ್ತು ದಿನ ನೀವೊಬ್ಬರೇ ಅಪ್ಪನ ಜೊತೆ ಇರಿ, ಅಕ್ಕ ಬೇರೆ ಎಲ್ಲಾದರೂ ಇರಲಿ. ಅವರು ಒಪ್ಪಿದರು.

ಎರಡು ತಿಂಗಳಾದ ಮೇಲೆ ಮತ್ತೆ ಬಂದರು. ಚಿಕ್ಕ ತಮ್ಮ ಎರಡು ಸಲ ಔಷಧಿ ತಡ ಮಾಡಿದ್ದರು, ಅದಕ್ಕೆ ಜಗಳವೂ ಆಗಿತ್ತು. ದೊಡ್ಡ ತಮ್ಮ ಆರನೇ ರಾತ್ರಿಯ ಬಗ್ಗೆ ಹೇಳಿದರು. ಮಧ್ಯರಾತ್ರಿ ಅಪ್ಪ ಅವರ ತೋಳು ಹಿಡಿದು, "ನೀವು ಯಾರು, ನನ್ನ ಮಗಳನ್ನು ಕರೀರಿ" ಅಂದಿದ್ದರಂತೆ. ಅಷ್ಟು ಹೇಳಿ ಸುಮ್ಮನಾದರು. ಅಕ್ಕ ನೀರಿನ ಲೋಟವನ್ನು ಅವರ ಕಡೆ ಸರಿಸಿದರು. ಆ ಗಂಟೆಯಲ್ಲಿ ಅಲಾರಂ ಒಂದೇ ಸಲ ಹೊಡೆಯಿತು. ಎದ್ದು ಹೋದವರು ಚಿಕ್ಕ ತಮ್ಮ.