ರೇಡಿಯೇಷನ್ ಆಂಕಾಲಜಿ ಎಂ.ಡಿ. ಮಾಡಿದರೆ ಕೆಲಸ ಸಿಗುತ್ತದೆಯೇ?

ನೀಟ್ ಪಿಜಿ ಕೌನ್ಸೆಲಿಂಗ್‌ನಲ್ಲಿ ರೇಡಿಯೇಷನ್ ಆಂಕಾಲಜಿ (ವಿಕಿರಣದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಶಾಖೆ) ಸೀಟು ಬರುವಂತಿದೆ, ಮುಂದೆ ಬೆಂಗಳೂರಲ್ಲೇ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಕೆಲಸ ಸಿಗುತ್ತದೆ. ಆದರೆ ಬೆಂಗಳೂರೇ ಬೇಕೆಂದು ಪಟ್ಟು ಹಿಡಿದರೆ ಮೊದಲ ಕೆಲವು ವರ್ಷ ಪೈಪೋಟಿ ಹೆಚ್ಚು, ಸಂಬಳ ಕಡಿಮೆ.

ಈ ಶಾಖೆಯಲ್ಲಿ ಕೆಲಸ ಇರುವುದು ಮೆಷಿನ್ ಇದ್ದಲ್ಲಿ. ಫಿಜಿಶಿಯನ್ ಆದವರು ಒಂದು ಕೋಣೆ ಬಾಡಿಗೆಗೆ ಹಿಡಿದು ಬೋರ್ಡ್ ಹಾಕಬಹುದು. ರೇಡಿಯೇಷನ್ ಆಂಕಾಲಜಿಸ್ಟ್‌ಗಳಾದ ನಮಗೆ ಅದು ಆಗದ ಮಾತು. ವಿಕಿರಣ ಹಾಯಿಸುವ ಮೆಷಿನ್ ಆದ ಲಿನ್ಯಾಕ್‌ಗೆ ಕೋಟಿಗಟ್ಟಲೆ ಹಣ ಬೇಕು, ಎರಡು ಮೀಟರ್‌ನಷ್ಟು ದಪ್ಪ ಕಾಂಕ್ರೀಟ್ ಗೋಡೆಯ ಬಂಕರ್ ಬೇಕು, ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಬೇಕು. ಆ ಲೈಸೆನ್ಸ್ ಸಿಗಬೇಕಾದರೆ ರೇಡಿಯೇಷನ್ ಆಂಕಾಲಜಿಸ್ಟ್, ಮೆಡಿಕಲ್ ಫಿಸಿಸಿಸ್ಟ್, ಟೆಕ್ನಾಲಜಿಸ್ಟ್ ಮೂವರೂ ಇರಲೇಬೇಕು. ಹಾಗಾಗಿ ಹೊಸ ಮೆಷಿನ್ ಬಂದ ಊರಿನಲ್ಲಿ ನಿಮ್ಮ ಹುದ್ದೆಯೂ ಹುಟ್ಟುತ್ತದೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಮೈಸೂರು ಕಡೆಗೂ ಕಣ್ಣು ಹಾಯಿಸಿ.

ಸಣ್ಣ ಊರುಗಳಲ್ಲಿ ಇನ್ನೊಂದು ಅನುಕೂಲ: ಅಲ್ಲಿ ಕೀಮೋವನ್ನೂ ಹೆಚ್ಚಾಗಿ ನಾವೇ ಕೊಡುತ್ತೇವೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಅದು ಮೆಡಿಕಲ್ ಆಂಕಾಲಜಿ ಡಿ.ಎಂ. (ಎಂ.ಡಿ. ನಂತರದ ಪದವಿ) ಮಾಡಿದವರ ಪಾಲು.

"ಫ್ರ್ಯಾಕ್ಷನ್ (ಒಬ್ಬ ರೋಗಿಗೆ ಕೊಡುವ ವಿಕಿರಣದ ಕಂತು) ಕಡಿಮೆಯಾಗುತ್ತಿದೆ, ಕೆಲಸವೂ ಕಡಿಮೆಯಾಗುತ್ತದೆ" ಎಂಬ ಮಾತು ಅಮೆರಿಕದ ಚರ್ಚೆಗಳಲ್ಲಿ ಕೇಳಿರುತ್ತೀರಿ. ಸ್ತನ ಕ್ಯಾನ್ಸರ್‌ಗೆ 25 ಇದ್ದದ್ದು 15ಕ್ಕೆ ಇಳಿಯಿತು, ಆಯ್ದ ರೋಗಿಗಳಲ್ಲಿ 5ಕ್ಕೂ ಬಂದಿದೆ. ನಮ್ಮಲ್ಲಿ ಅದರಿಂದ ಮೆಷಿನ್ ಬೇಗ ಖಾಲಿಯಾಗಿ ಕಾಯುವವರ ಸರದಿ ಕರಗುತ್ತದೆ, ಅಷ್ಟೇ. ಜಾಗತಿಕ ಕ್ಯಾನ್ಸರ್ ಅಂಕಿಅಂಶವಾದ ಗ್ಲೋಬೋಕಾನ್ 2022ರ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ರೇಡಿಯೇಷನ್ ಬೇಕು.

ಬೆಲೆ ಇರುವುದು ಕೈಕೆಲಸಕ್ಕೆ. ಬಾಯಿ ಕ್ಯಾನ್ಸರ್‌ನ ಒಂದು ಕೇಸ್ ತೆಗೆದುಕೊಳ್ಳಿ: 3 ಮಿ.ಮೀ. ಅಂತರದ ಸಿ.ಟಿ. ಸ್ಲೈಸ್‌ಗಳಲ್ಲಿ ಗೆಡ್ಡೆ, ಕುತ್ತಿಗೆಯ ನೋಡ್ (ದುಗ್ಧಗ್ರಂಥಿ), ಪರೋಟಿಡ್ (ಜೊಲ್ಲುಗ್ರಂಥಿ), ಸ್ಪೈನಲ್ ಕಾರ್ಡ್ (ಬೆನ್ನುಹುರಿ) ಎಲ್ಲವನ್ನೂ ಗೆರೆ ಎಳೆದು ಗುರುತಿಸಬೇಕು. ಇದೇ ಕಾಂಟೂರಿಂಗ್. ಸಾಫ್ಟ್‌ವೇರ್ ಪರೋಟಿಡ್ ಗೆರೆ ಎಳೆದುಕೊಡಬಹುದು. ಗೆಡ್ಡೆಯ ಅಂಚು ಎಲ್ಲಿ ಎಂದು ತೀರ್ಮಾನಿಸುವವರು ನೀವೇ. ಮೂರು ನಾಲ್ಕು ವಾರಕ್ಕೆ ರೋಗಿ ಸೊರಗಿ, ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಸಡಿಲವಾಗುತ್ತದೆ. ಆಗ ಮರುಪ್ಲಾನ್ ಮಾಡದಿದ್ದರೆ ಡೋಸ್ ಬೀಳಬಾರದ ಕಡೆ ಬೀಳುತ್ತದೆ.

ಬ್ರೇಕಿಥೆರಪಿಯನ್ನು (ವಿಕಿರಣದ ಸೋರ್ಸನ್ನೇ ಗೆಡ್ಡೆಯ ಒಳಗೆ ಅಥವಾ ಪಕ್ಕದಲ್ಲಿಟ್ಟು ಕೊಡುವ ಚಿಕಿತ್ಸೆ) ದಯವಿಟ್ಟು ಕಡೆಗಣಿಸಬೇಡಿ. ಅದರಲ್ಲಿ ಬಳಸುವ ಇರಿಡಿಯಂ-192ರ ಅರ್ಧಾಯುಷ್ಯ 74 ದಿನ, ಅಂದರೆ ಅಷ್ಟರಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಸೋರ್ಸ್ ಬದಲಿಸುವ ಖರ್ಚಿಗೆ ಹೆದರಿ ಕೆಲವು ಆಸ್ಪತ್ರೆಗಳು ಅದನ್ನು ಕೈಬಿಡುತ್ತವೆ. ಆದರೆ ಮುಂದುವರಿದ ಗರ್ಭಕಂಠದ ಕ್ಯಾನ್ಸರ್ ಅದಿಲ್ಲದೆ ಸರಿಯಾಗಿ ಗುಣವಾಗುವುದಿಲ್ಲ.

ಆದ್ದರಿಂದ ಆಪ್ಷನ್ ತುಂಬುವ ಮೊದಲು ಆ ಕಾಲೇಜಿನ ಈಗಿನ ಪಿಜಿ ಒಬ್ಬರಿಗೆ ಫೋನ್ ಮಾಡಿ: ಲಿನ್ಯಾಕ್ ನಡೆಯುತ್ತಿದೆಯೇ, ಬರೀ ಹಳೆಯ ಬಗೆಯ ಕೋಬಾಲ್ಟ್ ಮೆಷಿನ್ ಇದೆಯೇ? ವಾರಕ್ಕೆ ಎಷ್ಟು ಬ್ರೇಕಿಥೆರಪಿ? ಕಾಂಟೂರಿಂಗ್ ಪಿಜಿಗಳ ಕೈಗೆ ಕೊಡುತ್ತಾರೆಯೇ, ಕೀಮೋ ವಾರ್ಡ್ ಯಾರ ಕೈಯಲ್ಲಿದೆ?