ಹಾಸನದಲ್ಲಿ ನಾಯಿಗೆ ಹೊಡೆಯದ, ಕೆಲಸ ಗೊತ್ತಿರುವ ಟ್ರೇನರ್‌ನ ಗುರುತಿಸೋದು ಹೇಗೆ?

ಎಂಟು ತಿಂಗಳ ಲ್ಯಾಬ್ರಡಾರ್, ಬಂದವರ ಮೈಮೇಲೆಲ್ಲ ಹಾರುತ್ತೆ, ಒಬ್ಬ ಟ್ರೇನರ್ ‘ಒಂದು ತಿಂಗಳು ನಮ್ಮ ಹತ್ರ ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೀನಿ’ ಅಂದಿದ್ದಾರೆ, ಬಿಡಬಹುದಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಬಿಡಲ್ಲ. ಆ ತಿಂಗಳು ಅಲ್ಲಿ ಏನು ನಡೆಯಿತು ಅಂತ ನಾಯಿ ಬಂದು ಹೇಳಲ್ಲ. ಅದೂ ಅಲ್ಲದೆ ಅದು ಕಲಿಯೋದು ಅವರ ಮಾತು ಕೇಳೋದನ್ನ, ನಿಮ್ಮದನ್ನಲ್ಲ. ಮನೆಗೆ ಬಂದ ಮೇಲೆ ಮತ್ತೆ ಅದೇ ಕಥೆ.

ಪಶುವೈದ್ಯರಿಗೆ ಇರುವಂಥ ರಿಜಿಸ್ಟ್ರೇಷನ್ ನಮ್ಮಲ್ಲಿ ಟ್ರೇನರ್‌ಗಳಿಗೆ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಸಿಪಿಡಿಟಿ-ಕೆಎ ಅಂತ ಒಂದು ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇದೆ. ಆ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ 300 ಗಂಟೆ ಟ್ರೇನಿಂಗ್ ಕೊಟ್ಟ ಅನುಭವ ಬೇಕು. ಇದ್ದರೆ ಒಳ್ಳೆಯದೇ. ಆದರೆ ನಮ್ಮ ಕಡೆ ಅದನ್ನೇ ಹುಡುಕ್ತಾ ಕೂತರೆ ನಾಯಿಗೆ ವಯಸ್ಸಾಗುತ್ತೆ. ‘ಡಾಗ್ ಸ್ಕ್ವಾಡ್‌ನಲ್ಲಿದ್ದೆ’ ಅನ್ನೋರು ಸಿಗ್ತಾರೆ. ಅನುಭವ ಇರುತ್ತೆ ನಿಜ, ಆದರೆ ಮನೆ ನಾಯಿಯ ಕೆಲಸವೇ ಬೇರೆ.

ಹಾಗಾಗಿ ಒಂದೇ ಪ್ರಶ್ನೆ ಕೇಳಿ: ‘ನಾಯಿ ಹೇಳಿದ್ದು ಮಾಡದಿದ್ದರೆ ನೀವೇನು ಮಾಡ್ತೀರಿ?’ ಎಳೆದರೆ ಕತ್ತು ಬಿಗಿಯೋ ಚೋಕ್ ಚೈನ್, ಮುಳ್ಳಿನ ಬೆಲ್ಟ್, ಕರೆಂಟ್ ಬೆಲ್ಟ್, ‘ಯಜಮಾನ ಯಾರು ಅಂತ ತೋರಿಸಬೇಕು ಸರ್’ ಇಂಥ ಉತ್ತರ ಬಂದರೆ ಅಲ್ಲಿಗೇ ನಮಸ್ಕಾರ ಹೇಳಿ. ಈ ಯಜಮಾನಿಕೆ ಮಾತು ಹುಟ್ಟಿದ್ದು ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಕಾಡಿನ ತೋಳದ ಗುಂಪು ಅಪ್ಪ, ಅಮ್ಮ, ಮರಿಗಳಿರುವ ಸಂಸಾರ ಅಂತ ಡೇವಿಡ್ ಮೆಕ್ ಅನ್ನೋ ವಿಜ್ಞಾನಿ 1999ರಲ್ಲೇ ಬರೆದರು. ನಮ್ಮ ಕೆಲವು ಟ್ರೇನರ್‌ಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಚಿಕ್ಕಮಗಳೂರಿನ ನಮ್ಮ ತೋಟದ ಮನೆಗೆ ಬಂದಿದ್ದ ಒಬ್ಬರು ಚೈನ್ ಎರಡು ಸಲ ಜಗ್ಗಿ, ‘ನೋಡಿ, ಹೇಗೆ ಕೂತ’ ಅಂದರು. ಕೂತಿದ್ದೇನೋ ಹೌದು. ಬಾಲ ಕಾಲ ಸಂದಿಯಲ್ಲಿತ್ತು. ಊಟವೂ ಇಲ್ಲ ಏನೂ ಇಲ್ಲ, ನಾಲಿಗೆಯಲ್ಲಿ ಮೂತಿ ಸವರಿಕೊಳ್ತಾ, ಮತ್ತೆ ಮತ್ತೆ ಆಕಳಿಸ್ತಾ ಇತ್ತು. ಅದು ಹೆದರಿಕೆ. ಹೆದರಿದ ನಾಯಿ ಸುಮ್ನಿರುತ್ತೆ, ಅಷ್ಟೇ. ಗುರುಗುಟ್ಟಿದ್ದಕ್ಕೆಲ್ಲ ಏಟು ತಿಂದ ನಾಯಿ ಗುರುಗುಟ್ಟೋದನ್ನೂ ಬಿಟ್ಟು, ಒಂದು ದಿನ ಸೀದಾ ಬಾಯಿ ಹಾಕಬಹುದು.

ಆಮೇಲೆ ಬಂದವರು ಮೊದಲು ನಾಯಿಯನ್ನು ಮುಟ್ಟಲೇ ಇಲ್ಲ. ಅಂಗಳದಲ್ಲಿ ಪಕ್ಕಕ್ಕೆ ತಿರುಗಿ ಕೂತು ನಮ್ಮನ್ನು ಕೇಳ್ತಾ ಹೋದರು. ಏನು ತಿನ್ನುತ್ತೆ, ಎಷ್ಟು ಹೊತ್ತು ಕಟ್ಟಿರ್ತೀರಿ, ಕಿವಿ ಕೆರೆದುಕೊಳ್ಳುತ್ತಾ. ಜೇಬಿನಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರುಗಳಿದ್ದವು. ಕೊನೆಗೆ ಹಗ್ಗ ಅಮ್ಮನ ಕೈಗೆ ಕೊಟ್ಟರು, ‘ನೀವು ಮಾಡಿ ಅಮ್ಮ, ದಿನಾ ಇರೋದು ನೀವು ತಾನೆ’ ಅಂತ. ಇಂಥವರನ್ನು ಹುಡುಕಿ. ಕ್ಲಾಸು ನಿಮ್ಮ ಮುಂದೆಯೇ ಆಗಬೇಕು. ಹದಿನೈದು ದಿನದಲ್ಲಿ ಗ್ಯಾರಂಟಿ ಅನ್ನೋರಿಗೆ, ಪೂರ್ತಿ ದುಡ್ಡು ಮುಂಚೆಯೇ ಕೇಳೋರಿಗೆ ಬೇಡ ಅನ್ನಿ. ಹಳೆಯ ಗಿರಾಕಿಯೊಬ್ಬರ ಮನೆಗೆ ಹೋಗಿ, ಟ್ರೇನರ್ ಬಂದಾಗ ಅವರ ನಾಯಿ ಓಡಿ ಬರುತ್ತಾ, ಮಂಚದ ಕೆಳಗೆ ಸೇರುತ್ತಾ ನೋಡಿ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗಂತೂ ಗೊತ್ತಿಲ್ಲ.

ಇದ್ದಕ್ಕಿದ್ದಂತೆ ಸಿಡುಕೋಕೆ ಶುರು ಮಾಡಿದ್ದರೆ ಟ್ರೇನರ್‌ಗಿಂತ ಮೊದಲು ಡಾಕ್ಟರ್. ಕಿವಿ ಸೋಂಕು, ಕೀಲು ನೋವು ಇದ್ದರೂ ನಾಯಿ ಹಾಗೆ ಆಡುತ್ತೆ. ನಿಮ್ಮೂರಲ್ಲೇ ವೆಟರ್ನರಿ ಕಾಲೇಜ್ ಇದೆ, ತೋರಿಸಿ. ಟ್ರೇನರ್ ಬಗ್ಗೆಯೂ ಅಲ್ಲೇ ವಿಚಾರಿಸಿ.

ಹಾರೋದಕ್ಕೆ ಇವತ್ತಿಂದಲೇ ಒಂದು ಮಾಡಬಹುದು. ಹಾರಿದಾಗ ಬೈಬೇಡಿ, ತಳ್ಳಬೇಡಿ, ಬೆನ್ನು ತಿರುಗಿಸಿ. ನಾಲ್ಕೂ ಕಾಲು ನೆಲಕ್ಕೆ ಬಂದ ತಕ್ಷಣ ಮಾತಾಡಿಸಿ ತಿಂಡಿ ಕೊಡಿ. ಹಾಲಿನವರಿಗೂ ನೆಂಟರಿಗೂ ಇದನ್ನೇ ಹೇಳಿಡಿ. ‘ಪರವಾಗಿಲ್ಲ ಬಿಡಿ, ನಮಗೆ ನಾಯಿ ಅಂದ್ರೆ ಇಷ್ಟ’ ಅಂತ ಮುದ್ದು ಮಾಡೋ ನೆಂಟರು ಇರ್ತಾರಲ್ಲ, ಅವರು ಬಂದಾಗ ಮಾತ್ರ ಹಗ್ಗ ನಿಮ್ಮ ಕೈಯಲ್ಲೇ ಇರಲಿ.