ಕೂಪನ್ ಕಿತ್ರು, ಗಿರಾಕೀನೂ ಹೋದ್ರು

ಶಿವಮೊಗ್ಗದಿಂದ ಓದುಗರೊಬ್ಬರು ನಾಲ್ಕು ಪುಟ ಬರೆದಿದಾರೆ. ಪೂರ್ತಿ ಹಾಕೋಕೆ ಜಾಗ ಸಾಲಲ್ಲ, ಸಾರ ಇಷ್ಟು:

"ಮಗಳ ಬಾಣಂತನಕ್ಕೆ ಅಂತ ಡಾಲಸ್ ಹತ್ರ ಐದು ತಿಂಗಳು ಇದ್ದು ಬಂದೆ. ಹೊರಗೆ ಕೆಟ್ಟ ಬಿಸಿಲು, ಹಾಗಾಗಿ ನಾನೂ ಯಜಮಾನ್ರೂ ದಿನಾ ಮಾಲ್ ಒಳಗೇ ವಾಕಿಂಗ್. ಅದರ ಒಂದು ತುದೀಲಿ ಎರಡಂತಸ್ತಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್, ಒಂದಿನಾನೂ ಅಲ್ಲಿ ಹತ್ತು ಗಿರಾಕಿ ಕಾಣ್ಲಿಲ್ಲ. ಯಜಮಾನ್ರಿಗೆ ಪ್ಯಾಂಟ್ ಬೇಕಿತ್ತು, ಸೊಂಟ 34, ಉದ್ದ 29. ಇಡೀ ಫ್ಲೋರಲ್ಲಿ ಕೇಳೋಣ ಅಂದ್ರೆ ಒಂದು ನರಪಿಳ್ಳೆ ಇಲ್ಲ, ಟ್ರಯಲ್ ರೂಮಲ್ಲಿ ಯಾರೋ ಬಿಚ್ಚಿ ಹೋದ ಬಟ್ಟೆ ರಾಶಿ. ಕೊನೆಗೆ ಸಿಕ್ಕ ಹುಡುಗಿ, ಪಾಪ, ಆ ಸೈಜು ಆನ್‌ಲೈನಲ್ಲಿ ನೋಡಿ ಅಂದ್ಳು. ಎಲ್ಲಾದ್ರ ಮೇಲೂ 60 ಪರ್ಸೆಂಟ್ ಆಫ್ ಬೋರ್ಡು ಬೇರೆ. ನಾನು 37 ವರ್ಷ ಬ್ಯಾಂಕ್ ಕೌಂಟರಲ್ಲಿ ಕೂತವಳು, ವರ್ಷಪೂರ್ತಿ 60 ಆಫ್ ಅಂದ್ರೆ ನಿಜವಾದ ರೇಟು ಯಾವ್ದು ಸ್ವಾಮಿ? ಅಳಿಯಂದ್ರು 'ಎಲ್ಲಾ ಅಮೆಜಾನ್ ತಿಂದ್ಹಾಕ್ತು ಬಿಡಿ ಅತ್ತೆ' ಅಂತಾರೆ. ಹೌದಾ? ಇಂಥ ಅಂಗಡಿಗೆ ಮತ್ತೆ ಜನ ಬರೋ ಹಾಗೆ ಮಾಡೋಕೆ ಆಗೋದೇ ಇಲ್ವಾ?"

ಮೇಡಂ, ನಮಸ್ಕಾರ. ಅಂಗಡಿ ಹೆಸರು ನೀವು ಬರೆದಿದ್ರಿ, ನಾನು ತೆಗೆದಿದೀನಿ, ಅವ್ರ ಕಡೆ ಮಾತು ಕೇಳದೇ ಹಾಕೋದು ಸರಿಯಲ್ಲ ಅಂತ. ಬೇಜಾರು ಮಾಡ್ಕೋಬೇಡಿ.

ನಿಮ್ಮ ಪತ್ರ ಓದ್ತಾ ನನಗೆ ನಮ್ಮಪ್ಪ ನೆನಪಾದ್ರು. ತಿಪಟೂರಲ್ಲಿ ಅವ್ರದ್ದು ಸಣ್ಣ ಬಟ್ಟೆ ಅಂಗಡಿ. ಗಿರಾಕಿ ಚಪ್ಪಲಿ ಬಿಡೋದ್ರೊಳಗೆ ಇವ್ರು ತಗೊಳೋರಾ ಸುಮ್ನೆ ನೋಡೋರಾ ಅಂತ ಅಪ್ಪಂಗೆ ಗೊತ್ತಾಗೋದು, ಆದ್ರೆ ಇಬ್ರಿಗೂ ಒಂದೇ ಥರ ಬಟ್ಟೆ ತಾನು ಬಿಚ್ಚಿ ಹಾಸೋರು, ಸಾಯಂಕಾಲ ಅದನ್ನೆಲ್ಲ ಮಡಚೋ ಕೆಲಸ ನನ್ನದು, ಅದಕ್ಕೇ ಚೆನ್ನಾಗಿ ನೆನಪಿದೆ. ಒಂದಿನ ಸಿಟ್ಟು ಬಂದು, ತಗೊಳಲ್ಲ ಅಂತ ಗೊತ್ತಿದ್ರೂ ಯಾಕಪ್ಪಾ ಬಿಚ್ತೀಯ ಅಂದೆ. "ಇವತ್ತು ತಗೊಳಲ್ಲ ಅಷ್ಟೇ" ಅಂದ್ರು.

ಮೊದ್ಲು ಅಳಿಯಂದ್ರ ಮಾತು ನೋಡೋಣ. ಪೂರ್ತಿ ಸುಳ್ಳಲ್ಲ, ಆದ್ರೆ ಅಮೆಜಾನ್ ಅಂದ್ಬಿಟ್ರೆ ಅಂಗಡಿಯೋರ ತಪ್ಪೆಲ್ಲ ಮುಚ್ಚಿಹೋಗುತ್ತೆ ನೋಡಿ, ಅದಕ್ಕೇ ಆ ಉತ್ತರ ಎಲ್ರಿಗೂ ಇಷ್ಟ. ಅಮೆರಿಕದ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಈಗ್ಲೂ ಸುಮಾರು 16 ಪರ್ಸೆಂಟ್. ಬಟ್ಟೆಬರೆಯಲ್ಲಿ ಇದಕ್ಕಿಂತ ಜಾಸ್ತೀನೇ ಇದೆ, ಒಪ್ತೀನಿ. ಆದ್ರೂ ನಿಮ್ಮ ಮಗಳ ಮನೆ ಹತ್ರಾನೇ ರಾಸ್ ಅಂತ ಒಂದು ಅಂಗಡಿ ಇರುತ್ತೆ, ನೋಡಿರ್ತೀರಿ, ಬ್ರ್ಯಾಂಡ್ ಬಟ್ಟೆ ಕಮ್ಮಿ ರೇಟಿಗೆ ಗುಡ್ಡೆ ಹಾಕಿರ್ತಾರಲ್ಲ, ಅದು. ಆ ಕಂಪ್ನಿ ಆನ್‌ಲೈನಲ್ಲಿ ಒಂದು ಕರ್ಚೀಫೂ ಮಾರಲ್ಲ, ಆದ್ರೂ 2,000ಕ್ಕಿಂತ ಜಾಸ್ತಿ ಅಂಗಡಿ ಇಟ್ಕೊಂಡು ಚೆನ್ನಾಗೇ ನಡೀತಿದೆ. ಅಮೆಜಾನೇ ಎಲ್ಲಾ ತಿನ್ನೋದಾಗಿದ್ರೆ ಇವ್ರನ್ನ ಮೊದ್ಲು ತಿನ್ಬೇಕಿತ್ತು. ಸಿಯರ್ಸ್ ಅನ್ನೋ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್ ಕಥೆ ಇನ್ನೂ ತಮಾಷೆ. ಸೂಜಿಯಿಂದ ಹಿಡಿದು ಮನೆ ಕಟ್ಟೋ ಸಾಮಾನಿನ ತನಕ ಮನೆಮನೆಗೆ ಕ್ಯಾಟಲಾಗ್ ಕಳ್ಸಿ ಅಂಚೇಲಿ ಮಾರಿ ಬೆಳೆದ ಕಂಪ್ನಿ ಅದು, ಆ ದೊಡ್ಡ ಕ್ಯಾಟಲಾಗ್ ನಿಲ್ಸಿದ್ದು 1993ರಲ್ಲಿ, ಅಮೆಜಾನ್ ಹುಟ್ಟಿದ್ದು 1994ರಲ್ಲಿ! ಆಮೇಲೆ ಬಂದ ಮಾಲೀಕರು ಅಂಗಡಿ ರಿಪೇರಿಗೂ ದುಡ್ಡು ಬಿಚ್ಲಿಲ್ಲ, 2018ರ ಅಕ್ಟೋಬರಲ್ಲಿ ದಿವಾಳಿ ಅರ್ಜಿ. ಇರ್ಲಿ.

ನಿಮ್ಮ 60 ಆಫ್ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ಜೆಸಿಪೆನ್ನಿ ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರ್ ಕಥೆ ಹೇಳ್ಲೇಬೇಕು. ನೀವಿದ್ದ ಜಾಗಕ್ಕೆ ಹತ್ರದ ಪ್ಲೇನೋ ಊರಲ್ಲೇ ಅದರ ಹೆಡ್ಡಾಫೀಸು. ಶುರುವಾಗಿದ್ದು 1902ರಲ್ಲಿ, ವಯೋಮಿಂಗ್ ರಾಜ್ಯದ ಕೆಮೆರರ್ ಅನ್ನೋ ಕಲ್ಲಿದ್ದಲು ಗಣಿ ಊರಲ್ಲಿ. ಮಾಲೀಕರ ಹೆಸರು ಜೇಮ್ಸ್ ಕ್ಯಾಶ್ ಪೆನ್ನಿ, ಕ್ಯಾಶ್ ಅನ್ನೋದು ನಿಜವಾಗ್ಲೂ ಅವ್ರ ಹೆಸರೇ, ಹೆಸರಿಗೆ ತಕ್ಕ ಹಾಗೆ ಉದ್ರಿ ಇಲ್ಲ, ನಗದು ವ್ಯಾಪಾರ ಮಾತ್ರ. ನಮ್ಮಲ್ಲಿ "ಇಂದು ನಗದು ನಾಳೆ ಉದ್ರಿ" ಬೋರ್ಡ್ ಹಾಕ್ತಾರಲ್ಲ, ಅವ್ರು ನಾಳೇನೂ ಕೊಡ್ತಿರ್ಲಿಲ್ಲ. ಮುಂದೆ ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ 1940ರಲ್ಲಿ ಇವ್ರ ಅಂಗಡೀಲೇ ತಿಂಗಳಿಗೆ 75 ಡಾಲರ್‌ಗೆ ಟ್ರೇನಿ ಆಗಿದ್ದೋರು, ಕಮ್ಮಿ ಪೇಪರು ಕಮ್ಮಿ ದಾರದಲ್ಲಿ ಪೊಟ್ಟಣ ಕಟ್ಟೋದು ಹೇಗೆ ಅಂತ ಪೆನ್ನಿಯವ್ರೇ ಬಂದು ತೋರಿಸಿಕೊಟ್ಟಿದ್ರಂತೆ.

ಈಗ ನೇರ 2011ಕ್ಕೆ ಬರೋಣ. ಅಂಗಡಿ ಮಂಕಾಗಿತ್ತು, ಸತ್ತಿರ್ಲಿಲ್ಲ, 1,100 ಅಂಗಡಿ, ವರ್ಷಕ್ಕೆ 17 ಬಿಲಿಯನ್ ಡಾಲರ್ ವ್ಯಾಪಾರ. ಆಪಲ್ ಅಂಗಡಿಗಳನ್ನ ಕಟ್ಟಿ ನಿಲ್ಸಿದ್ದ ರಾನ್ ಜಾನ್ಸನ್ ಅನ್ನೋರನ್ನ ಸಿಇಓ ಮಾಡಿದ್ರು. ಅವ್ರು ಬಂದು ಲೆಕ್ಕ ನೋಡ್ತಾರೆ, ಒಂದೇ ವರ್ಷದಲ್ಲಿ 590 ಬೇರೆ ಬೇರೆ ಸೇಲು! ಗಿರಾಕಿ ಬರೋದು ವರ್ಷಕ್ಕೆ ನಾಲ್ಕು ಸಲ. ಹತ್ರಹತ್ರ ಮುಕ್ಕಾಲು ಪಾಲು ಮಾಲು ಅರ್ಧ ರೇಟಿಗೋ ಅದಕ್ಕಿಂತ ಕಮ್ಮಿಗೋ ಹೋಗ್ತಿತ್ತು. ಅಂದ್ರೆ ನೀವು ಕೇಳಿದ ಪ್ರಶ್ನೇನೇ ಅವ್ರೂ ಕೇಳಿದ್ದು, ನಿಜವಾದ ರೇಟು ಯಾವ್ದು? ಚೀಟಿ ಮೇಲಿರೋ ರೇಟನ್ನ ಯಾರೂ ಕೊಡಲ್ಲ ಅಂದ್ಮೇಲೆ ಅದು ಸುಳ್ಳು, ಸುಳ್ಳು ಯಾಕೆ ಬರೀಬೇಕು, ಕಿತ್ತಾಕಿ. 2012ರ ಫೆಬ್ರವರಿ 1ರಿಂದ ಕೂಪನ್ ಬಂದ್, ಸೇಲ್ ಬಂದ್, 19.99 ಅನ್ನೋ ಆಟ ಬಂದ್, ಎಲ್ಲಾ ರೇಟು ಒಂದೇ ಸಲ ಸುಮಾರು 40 ಪರ್ಸೆಂಟ್ ಇಳಿಸಿ ದುಂಡು ಸಂಖ್ಯೆ ಬರೆದ್ರು. ಮೊದ್ಲು ಎರಡು ಮೂರು ಅಂಗಡೀಲಿ ಮಾಡಿ ನೋಡೋಣ್ವಾ ಅಂತ ಕೇಳಿದೋರಿಗೆ, ಆಪಲಲ್ಲಿ ನಾವು ಟೆಸ್ಟ್ ಮಾಡ್ತಿರ್ಲಿಲ್ಲ ಅಂದ್ರಂತೆ.

ಬ್ಯಾಂಕಿನೋರು ನೀವು, ಲೆಕ್ಕ ಸರಿ ಇದೆ ಅಂತೀರಿ. ನಾನೂ ಆಗ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಒಂದೇ ವರ್ಷದಲ್ಲಿ ವ್ಯಾಪಾರ 17ರಿಂದ 13 ಬಿಲಿಯನ್‌ಗೆ ಬಿತ್ತು, ನಾಲ್ಕರಲ್ಲಿ ಒಂದು ಪಾಲು ಹೋಯ್ತು, ನಷ್ಟ 985 ಮಿಲಿಯನ್ ಡಾಲರ್. 2013ರ ಏಪ್ರಿಲಲ್ಲಿ ಜಾನ್ಸನ್‌ರನ್ನ ಮನೆಗೆ ಕಳ್ಸಿ ಹಳೇ ಸಿಇಓ ಮೈರನ್ ಉಲ್ಮನ್‌ರನ್ನೇ ವಾಪಸ್ ಕರೆದ್ರು, ಕೂಪನ್ನೂ ವಾಪಸ್ ಬಂತು, ಕಡೆಗೂ ಗಂಡನ ಪಾದವೇ ಗತಿ ಅನ್ನೋ ಹಾಗೆ.

ಎಡವಿದ್ದೆಲ್ಲಿ? ಕೂಪನ್ ಅಂದ್ರೆ ಬರೀ ರೇಟ್ ಕಮ್ಮಿ ಮಾಡೋ ಚೀಟಿ ಅಂದ್ಕೊಂಡ್ರು. ಭಾನುವಾರ ಪೇಪರಿಂದ ಕತ್ತರಿಸಿ ಪರ್ಸಲ್ಲಿ ಜೋಪಾನವಾಗಿಟ್ಕೊಂಡು, ಸೇಲ್ ದಿನ ಕಾದು, ಬಿಲ್ಲಿನ ಕೆಳಗೆ "ನೀವು ಉಳಿಸಿದ್ದು ಇಷ್ಟು" ಅಂತ ಬರೋ ಸಾಲನ್ನ ಮನೇಲಿ ತೋರ್ಸಿ ಖುಷಿ ಪಡ್ತಿದ್ದ ಹೆಂಗಸ್ರು ಅವ್ರ ಗಿರಾಕಿಗಳು, ಆ ಖುಷೀನ ಒಂದೇ ದಿನ ಕಿತ್ಕೊಂಡ್ರು. 20 ಡಾಲರ್ ಟಾಪು ಅದೇ 20 ಡಾಲರೇ, ಆದ್ರೆ 50ರಿಂದ 20ಕ್ಕೆ ನಾನು ಇಳಿಸಿದೆ ಅನ್ನೋದು ಬೇರೆ, 20 ಇದ್ದಿದ್ದನ್ನ 20 ಕೊಟ್ಟು ತಂದೆ ಅನ್ನೋದು ಬೇರೆ. ನಮಗಿದೇನು ಹೊಸದಲ್ಲ ಬಿಡಿ. ಆಷಾಢ ಸೇಲ್ ಯಾಕೆ ಅಂತ ಎಲ್ರಿಗೂ ಗೊತ್ತು, ಮದುವೆ ಇಲ್ಲ, ವ್ಯಾಪಾರ ಇಲ್ಲ, ಹಳೇ ಸ್ಟಾಕ್ ಖಾಲಿ ಆಗ್ಬೇಕು. ಹಾಗಂತ ಬೋರ್ಡ್ ಕಂಡಾಗ ನಾವು ಒಳಗೆ ಹೋಗದೇ ಇರ್ತೀವಾ? ನಮ್ಮಪ್ಪಾನೂ ಸೀರೆಗೆ ಇಪ್ಪತ್ತು ಸೇರಿಸೇ ಹೇಳೋರು, ಆಮೇಲೆ ಹತ್ತು ಬಿಡೋರು, "ನಿಮಗೆ ಅಂತ ಬಿಟ್ಟಿದೀನಿ, ಹೊರಗೆ ಹೇಳ್ಬೇಡಿ" ಅಂತ. ಕೇಳಿಸ್ಕೊಂಡೋರು ಆಚೆ ಹೋಗಿ ಹತ್ತು ಜನಕ್ಕೆ ಹೇಳೋರು.

ಹಾಗಂತ ಸುಳ್ಳು ರೇಟು ಬರೀರಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ವರ್ಷದ 365 ದಿನಾನೂ 60 ಆಫ್ ಅನ್ನೋದು ಗಿರಾಕಿಗೆ ಮಾಡೋ ಅವಮಾನ. ಸೇಲ್ ಅಂದ್ರೆ ಹಬ್ಬ ಇದ್ದ ಹಾಗೆ, ವರ್ಷಕ್ಕೆ ನಾಲ್ಕೋ ಐದೋ ಇರ್ಲಿ, ಜನ ಕಾಯ್ಲಿ, ಆವತ್ತು ನಿಜವಾಗ್ಲೂ ಇಳಿಸಿ. ಅಭ್ಯಾಸ ಬಿಡಿಸೋದಾದ್ರೂ ವರ್ಷಗಟ್ಟಲೆ ನಿಧಾನಕ್ಕೆ ಬಿಡಿಸ್ಬೇಕು, ದಿನಾ ಆರು ಲೋಟ ಕಾಫಿ ಕುಡಿಯೋರಿಗೆ ನಾಳೆಯಿಂದ ಬಿಸಿನೀರು ಅಂದ್ರೆ ಆಗುತ್ತಾ?

ನನ್ನ ಕೇಳಿದ್ರೆ ಕೂಪನ್‌ಗಿಂತ ದೊಡ್ಡ ತಪ್ಪು ಇನ್ನೊಂದಿದೆ, ಜನ ಅದನ್ನ ಅಷ್ಟು ಮಾತಾಡಲ್ಲ. ಜಾನ್ಸನ್‌ಗೆ ಬೇಕಾಗಿದ್ದು ಇದ್ದ ಗಿರಾಕಿಗಳಲ್ಲ, ಬರದೇ ಇದ್ದ ಗಿರಾಕಿಗಳು. ಹರೇದೋರು, ಸ್ಟೈಲಾಗಿರೋರು ಬರ್ಲಿ ಅಂತ ಹೊಸ ಬ್ರ್ಯಾಂಡ್ ತುಂಬಿಸಿದ್ರು, ಅದಕ್ಕೆ ಜಾಗ ಮಾಡೋಕೆ ಸೇಂಟ್ ಜಾನ್ಸ್ ಬೇ ಅನ್ನೋ ಅವ್ರದ್ದೇ ಬ್ರ್ಯಾಂಡಿನ ಹೆಂಗಸರ ಬಟ್ಟೆ ಎತ್ತಿಬಿಟ್ರು. ಸಾದಾ ಬಟ್ಟೆ, ಸೊಂಟಕ್ಕೆ ಎಲಾಸ್ಟಿಕ್, ನಡುವಯಸ್ಸಿನೋರಿಗೆ ಹಿತವಾಗಿರೋದು, ಫ್ಯಾಷನ್ ಪತ್ರಿಕೇಲಿ ಯಾವತ್ತೂ ಬರದ್ದು, ಆದ್ರೆ ದುಡ್ಡು ಬರ್ತಿದ್ದೇ ಅದ್ರಿಂದ. ಹೊಸಬ್ರು ಬರೋ ಮುಂಚೆ ಹಳಬ್ರು ಎದ್ದು ಹೋದ್ರು. 2013ರ ಮೇನಲ್ಲಿ ಕಂಪ್ನಿಯವ್ರು ಟಿವೀಲಿ ಜಾಹೀರಾತು ಹಾಕಿ ತಪ್ಪಾಯ್ತು, ನಿಮ್ಮ ಮಾತು ಕೇಳ್ಬೇಕಿತ್ತು, ವಾಪಸ್ ಬನ್ನಿ ಅಂತ ಕೇಳ್ಕೊಂಡ್ರು. ಸ್ವಲ್ಪ ಜನ ಬಂದ್ರು. ಪೂರ್ತಿ ಚೇತರಿಸ್ಕೊಳ್ಳಲೇ ಇಲ್ಲ, ಸಾಲ ಇತ್ತು, ಆಮೇಲೆ ಕೋವಿಡ್ ಬಂತು, 2020ರ ಮೇ 15ಕ್ಕೆ ದಿವಾಳಿ ಅರ್ಜಿ. ಕೊನೆಗೆ ಕೊಂಡ್ಕೊಂಡೋರು ಯಾರು ಗೊತ್ತಾ, ಮಾಲ್‌ಗಳ ಮಾಲೀಕರು, ಸೈಮನ್ ಮತ್ತೆ ಬ್ರೂಕ್‌ಫೀಲ್ಡ್. ಬಾಡಿಗೆದಾರನ ಅಂಗಡಿ ಮುಚ್ಚಿದ್ರೆ ಕಟ್ಟಡವೂ ಬಿಕೋ ಅನ್ನುತ್ತೆ ಅಂತ ಬಾಡಿಗೆದಾರನ್ನೇ ಕೊಂಡ್ಕೊಂಡಂಗಾಯ್ತು. ಈಗ ಸುಮಾರು 650 ಅಂಗಡಿ ಉಳ್ಕೊಂಡಿವೆ.

ಹಾಗಾದ್ರೆ ಏನ್ ಮಾಡ್ಬೇಕು? ಕೇಳಿದ್ರೆ ಹೇಳೋಕೆ ಕೆಲಸದೋರು ಇಲ್ದಿದ್ದೇ ಕಾಯಿಲೆ ಅಂತ ನಿಮ್ಮ ಪತ್ರದಲ್ಲೇ ಇದೆಯಲ್ಲ ಮೇಡಂ. ವ್ಯಾಪಾರ ಕಮ್ಮಿ ಆಯ್ತು, ಕೆಲಸದೋರನ್ನ ತೆಗೆದ್ರು, ಕೇಳೋರಿಲ್ಲ ಅಂತ ಗಿರಾಕಿ ಇನ್ನೂ ಕಮ್ಮಿ ಆದ್ರು, ಇನ್ನಷ್ಟು ಕೆಲಸದೋರನ್ನ ತೆಗೆದ್ರು. ಮೇಸೀಸ್ ಅನ್ನೋ ಇನ್ನೊಂದು ದೊಡ್ಡ ಹೆಸರಿದೆಯಲ್ಲ, ಅವ್ರು 2024ರ ಫೆಬ್ರವರೀಲಿ 150 ಅಂಗಡಿ ಮುಚ್ತೀವಿ ಅಂದ್ರು. ಪೇಪರ್‌ನೋರೆಲ್ಲ ಅದನ್ನೇ ಬರೆದ್ರು, ನನಗೆ ಹಿಡಿಸಿದ್ದು ಅದ್ರ ಜೊತೆ ಬಂದ ಇನ್ನೊಂದು ಸುದ್ದಿ. 50 ಅಂಗಡಿ ಆರಿಸ್ಕೊಂಡು ಅಲ್ಲಿ ಕೆಲಸದೋರನ್ನ ಜಾಸ್ತಿ ಮಾಡಿದ್ರು, ಅದೂ ಎಲ್ಲಾ ಕಡೆ ಅಲ್ಲ, ಚಪ್ಪಲಿ ಶೂ ಮಾರೋ ಕಡೆ ಮತ್ತೆ ಹೆಂಗಸರ ಟ್ರಯಲ್ ರೂಮ್ ಹತ್ರ. ನೋಡಿ ಎಷ್ಟು ಸರಳ. ಶೂ ಸೈಜು ಒಳಗಿಂದ ತಂದುಕೊಡೋಕೆ ಒಬ್ರು ಬೇಕು, ಟ್ರಯಲ್ ರೂಮ್ ಬಾಗಿಲ ಸಂದೀಂದ ಒಂದು ಸೈಜು ದೊಡ್ಡದು ಕೊಡ್ತೀರಾ ಅಂದಾಗ ಕೈ ಚಾಚೋಕೆ ಒಬ್ರು ಬೇಕು. ಬಟ್ಟೆ ಬಿಚ್ಚಿ ಹಾಕ್ಕೊಂಡ್ಮೇಲೆ ಇನ್ನೊಂದು ಸೈಜಿಗೋಸ್ಕರ ಮತ್ತೆ ಉಟ್ಕೊಂಡು ಯಾರು ಹೊರಗೆ ಬರ್ತಾರೆ ಹೇಳಿ, ಅಲ್ಲೇ ಬಿಟ್ಟು ಮನೆಗೆ ಹೋಗ್ತಾರೆ, ನೀವು ಕಂಡ ರಾಶಿ ಅದೇ. ಆ 50 ಅಂಗಡೀಲಿ ವ್ಯಾಪಾರ ಏರ್ತು, ಮಿಕ್ಕಿದ್ರಲ್ಲಿ ಇಳೀತಾನೇ ಇದ್ದಾಗ್ಲೂ.

ಎಲೆಕ್ಟ್ರಾನಿಕ್ಸ್ ಮಾರೋ ಬೆಸ್ಟ್ ಬೈ ಕಥೇನೂ ಇಂಥದ್ದೇ. 2012ರಲ್ಲಿ ಅದೂ ಮುಗೀತು ಅಂತಿದ್ರು. ಹ್ಯೂಬರ್ಟ್ ಜೋಲಿ ಅನ್ನೋರು ಸಿಇಓ ಆಗಿ ಬಂದು ಮೊದಲ ವಾರ ಆಫೀಸಿಗೇ ಹೋಗ್ಲಿಲ್ಲ, ಮಿನೆಸೋಟದ ಒಂದು ಅಂಗಡೀಲಿ ನೀಲಿ ಶರ್ಟ್ ಹಾಕ್ಕೊಂಡು ನಿಂತ್ರು, ಎದೆ ಮೇಲೆ ಟ್ರೇನಿಂಗಲ್ಲಿರೋ ಸಿಇಓ ಅನ್ನೋ ಬಿಲ್ಲೆ. ಕೆಲಸದೋರಿಗೆ ನಿಲ್ಸಿದ್ದ ಡಿಸ್ಕೌಂಟು ವಾಪಸ್ ಕೊಟ್ರು, ಅಮೆಜಾನ್ ರೇಟಿಗೇ ನಾವೂ ಕೊಡ್ತೀವಿ ಅಂದ್ರು, ಅಲ್ಲಿಗೆ ಬರೀ ಮುಟ್ಟಿ ನೋಡಿ ಹೋಗ್ತಿದ್ದೋರು ಕೊಳ್ಳೋಕೆ ಶುರು ಮಾಡಿದ್ರು.

ಕೋಲ್ಸ್ ಅನ್ನೋ ಇನ್ನೊಂದು ಡಿಪಾರ್ಟ್‌ಮೆಂಟ್ ಸ್ಟೋರ್‌ನೋರು ಬೇರೆ ದಾರಿ ಹಿಡಿದ್ರು, 2019ರಿಂದ ಅಮೆಜಾನಲ್ಲಿ ತಗೊಂಡಿದ್ದನ್ನ ನಮ್ಮ ಅಂಗಡೀಲೇ ವಾಪಸ್ ಕೊಡಿ ಅಂತ. ಜನ ಬಂದ್ರು, ಸಾಲು ನಿಂತ್ರು, ಆದ್ರೆ 2022ರಿಂದ ಒಟ್ಟು ವ್ಯಾಪಾರ ಇಳೀತಾನೇ ಹೋಯ್ತು. ಪಾರ್ಸಲ್ ಕೊಟ್ಟು ಓಡೋ ಅವಸರದಲ್ಲಿರೋರು ಗಿರಾಕಿ ಅಲ್ಲ ಅಂತ ನನ್ನ ಅಭಿಪ್ರಾಯ, ಬಸ್‌ಸ್ಟ್ಯಾಂಡಲ್ಲೂ ಜನ ಇರ್ತಾರೆ.

ನಿಮ್ಮ ಮಾಲ್‌ನ ಅಂಗಡಿ ನನ್ನ ಕೈಗೆ ಕೊಟ್ರೆ ಮೊದಲ ಕೆಲಸ ಏನ್ ಗೊತ್ತಾ, ಗಂಡಸರ ಪ್ಯಾಂಟಿನ ಪಕ್ಕ ಒಂದು ಹೊಲಿಗೆ ಮಷಿನ್ ಇಟ್ಟು ಒಬ್ಬ ಟೈಲರ್‌ನ ಕೂರಿಸ್ತೀನಿ. ಅಲ್ಲಿ ರೆಡಿಮೇಡ್ ಪ್ಯಾಂಟಿನ ಉದ್ದ ಸಾಮಾನ್ಯವಾಗಿ 30, 32, 34 ಅಂತ ಬರುತ್ತೆ, 29 ಹುಡುಕೋದೇ ಕಷ್ಟ. 30ರದ್ದನ್ನ ಒಂದಿಂಚು ಮೇಲೆ ಮಡಚಿ ಹೊಲಿಯೋಕೆ ಹತ್ತು ನಿಮಿಷ, ಆ ಹತ್ತು ನಿಮಿಷ ನಿಮ್ಮ ಯಜಮಾನ್ರು ಸುಮ್ನೆ ಕೂರ್ತಾರಾ, ಒಂದು ಶರ್ಟೂ ನೋಡ್ತಾರೆ. ಅಮೆಜಾನ್ ಇದನ್ನ ಮಾಡೋಕಾಗಲ್ಲ. ಎರಡನೇದು, ದಿನಾ ಬೆಳಗ್ಗೆ ವಾಕಿಂಗ್ ಬರೋ ನಿಮ್ಮಂಥೋರಿಗೆ ಬಾಗಿಲ ಹತ್ರ ನಾಲ್ಕು ಕುರ್ಚಿ, ಕುಡಿಯೋಕೆ ನೀರು. ಐದು ತಿಂಗಳು ದಿನಾ ಅಂಗಡಿ ಮುಂದೇನೇ ಓಡಾಡಿದ್ರಿ, ಒಬ್ರಾದ್ರೂ ಮಾತಾಡ್ಸಿದ್ರಾ?

ಅಂದಹಾಗೆ ಆ ಪ್ಯಾಂಟ್ ಕೊನೆಗೆ ಎಲ್ಲಿ ಸಿಕ್ತು ಅಂತ ಬರೀಲೇ ಇಲ್ವಲ್ಲ ನೀವು. ಗಾಂಧಿ ಬಜಾರಲ್ಲೇ ಬಟ್ಟೆ ತಗೊಂಡು ಹೊಲಿಸಿದ್ರೋ ಏನೋ. ಒಂದು ಕಾರ್ಡ್ ಹಾಕಿ, ಮೊಮ್ಮಗೂನೂ ಕೇಳಿದೆ ಅಂತ ಹೇಳಿ.

— ಸಂ.